ತಾಳ ನಡೆಯಲಿ, ವಿಲ್ಲಿ ಬರುತ್ತಾರೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಂಟ್ರಿ ಸಂಗೀತ ಅಂದ ಕೂಡಲೇ "ಎಲ್ಲಾ ಹಾಡೂ ಒಂದೇ ಥರ ಅಲ್ವಾ?" ಅನ್ನುವವರು ಜಾಸ್ತಿ. ಅವರಿಗೆ ನನ್ನದು ಒಂದೇ ಮಾತು. ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಅವರ ‘ವಿಲ್ಲಿ ಆ್ಯಂಡ್ ಫ್ಯಾಮಿಲಿ ಲೈವ್’ ಆಲ್ಬಂ ಹಾಕಿ. ಹಾಡು ಆಮೇಲೆ. ಮೊದಲು ದನಿ ತಾಳದಿಂದ ಎಷ್ಟು ಹಿಂದೆ ಬರುತ್ತದೆ, ಅದನ್ನು ಕೇಳಿ.

ಇದು 1978ರಲ್ಲಿ ಅಮೆರಿಕದ ಲೇಕ್ ಟಾಹೋದ ಹ್ಯಾರಾಸ್ ಕ್ಯಾಸಿನೋದಲ್ಲಿ ಜನರ ಮುಂದೆ ಹಾಡಿದ್ದು. ಡ್ರಮ್ಸ್ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಇವರು ಸಾಲು ಎತ್ತುವುದೇ ಇಲ್ಲ! ಎಲ್ಲಿ ಹೋದರಪ್ಪ ಅನ್ನುವಷ್ಟರಲ್ಲಿ ಬರುತ್ತಾರೆ, ಗಡಿಬಿಡಿಯಲ್ಲಿ ನಾಲ್ಕು ಮಾತು ಆಡಿದ ಹಾಗೆ ಹಾಡಿ, ಸಾಲಿನ ಕೊನೆಗೆ ಸರಿಯಾಗಿ ಕೂಡಿಕೊಳ್ಳುತ್ತಾರೆ. ಕಚೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕುವವರಿಗೆ ಈ ಆಟ ಬೇಗ ಹಿಡಿಸುತ್ತದೆ. ತಾಳ ತಪ್ಪಿತು ಅನ್ನಬೇಡಿ, ದಯವಿಟ್ಟು.

ಅವರ ಗಿಟಾರೂ ಹಾಗೇ, ತಡವಾಗಿ ಬರುತ್ತದೆ. ಆ ಗಿಟಾರಿನ ಕತೆ ಹೇಳಲೇಬೇಕು. 1969ರಲ್ಲಿ ಕುಡಿದವನೊಬ್ಬ ವಿಲ್ಲಿಯ ಹಳೆಯ ಗಿಟಾರು ತುಳಿದುಬಿಟ್ಟ. ನ್ಯಾಶ್‌ವಿಲ್‌ನ ಶಾಟ್ ಜ್ಯಾಕ್ಸನ್ ಎಂಬ ರಿಪೇರಿಯವರು ನೋಡಿ, ಇದು ಸರಿಹೋಗಲ್ಲ ಅಂದರು. ಅವರ ಹತ್ತಿರ ನೈಲಾನ್ ತಂತಿಯ ಮಾರ್ಟಿನ್ ಗಿಟಾರು ಒಂದಿತ್ತು. ವಿಲ್ಲಿ ಅದನ್ನು ಕಣ್ಣಲ್ಲೂ ನೋಡದೆ 750 ಡಾಲರ್ ಕೊಟ್ಟು ಕೊಂಡರು. ಹಳೆಯದರ ಪಿಕಪ್, ಅಂದರೆ ತಂತಿಯ ನಾದವನ್ನು ಸ್ಪೀಕರಿಗೆ ಕಳಿಸುವ ಸಾಧನ, ಇದಕ್ಕೆ ಬಂತು. ಸಿನಿಮಾ ನಟ ರಾಯ್ ರೋಜರ್ಸ್ ಅವರ ಕುದುರೆಯ ಹೆಸರನ್ನೇ ಇಟ್ಟರು: ಟ್ರಿಗರ್. ಮುಂದೆ ಮನೆಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಇದನ್ನು ಎತ್ತಿಕೊಂಡು ಬಂದರಂತೆ. ಇದು ಬೆರಳಲ್ಲಿ ಮೀಟುವ ಗಿಟಾರು. ಇವರು ಪಿಕ್, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆ, ಹಿಡಿದು ಬಾರಿಸಿ ಬಾರಿಸಿ ಮರ ಸವೆದು ತೂತೇ ಬಿತ್ತು! ಆ ತೂತನ್ನು ಮುಚ್ಚಿಸಲಿಲ್ಲ, ಗಿಟಾರೂ ಬದಲಾಗಲಿಲ್ಲ.

ಅಯ್ಯೋ, ಗಡಿಯಾರ ನೋಡಿದೆ. ವಿಲ್ಲಿಯ ಅಕ್ಕ ಬಾಬಿಯ ಪಿಯಾನೋ, ಮಿಕ್ಕಿ ರಾಫೆಲ್ ಅವರ ಹಾರ್ಮೋನಿಕಾ, ಇವುಗಳ ಬಗ್ಗೆ ಹೇಳುವುದಿತ್ತು. ಇರಲಿ, ನೀವೇ ಕೇಳಿ.

ಒಂದು ಕೆಲಸ ಮಾತ್ರ ಮಾಡಿ. ‘ಕ್ರೇಜಿ’ ಹಾಡು ವಿಲ್ಲಿ ಬರೆದದ್ದು. 1961ರಲ್ಲಿ ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿ ಮನೆಮಾತು ಮಾಡಿದರು. ಮೊದಲು ಪ್ಯಾಟ್ಸಿ ಹಾಡಿದ್ದನ್ನು ಕೇಳಿ, ಕೂಡಲೇ ಈ ಲೈವ್ ಆಲ್ಬಂನಲ್ಲಿರುವುದನ್ನು ಹಾಕಿ. ಫೋನ್ ಪಕ್ಕಕ್ಕಿಡಿ, ಬೆರಳಲ್ಲಿ ತಾಳ ಹಾಕಿ. ವಿಲ್ಲಿ ಎಲ್ಲಿ ಹಿಂದೆ ಬಿದ್ದರು, ಎಲ್ಲಿ ಬಂದು ಸೇರಿದರು, ಅಷ್ಟು ನೋಡಿ ಸಾಕು.

ನಮಸ್ಕಾರ.