ಫೋನಿನಲ್ಲಿ ಮಾತಾಡಿದವರು ಎಲ್ಲಿ?

ನಮಸ್ಕಾರ ಕೇಳುಗರೇ.

ನಾನು ಪರ್ಸನಲ್ ಕೋಚ್. ಹಾಗಂದ ಕೂಡಲೇ ಅರ್ಧ ಜನ ಜಿಮ್ ಅಂದುಕೊಳ್ಳುತ್ತಾರೆ. ಉಳಿದವರಿಗೆ ವೇದಿಕೆ ಮೇಲೆ ಕೈ ಬೀಸಿ ‘ನಿಮ್ಮಿಂದ ಆಗುತ್ತೆ’ ಎಂದು ಕೂಗುವವರು ನೆನಪಾಗುತ್ತಾರೆ. ಎರಡೂ ಅಲ್ಲ. ಒಬ್ಬರು ಬಂದು ನನ್ನ ಎದುರು ಕೂರುತ್ತಾರೆ. ಕೆಲಸ ಬಿಡಲೋ ಬೇಡವೋ, ವರ್ಷಗಟ್ಟಲೆ ಮುಂದೂಡಿದ್ದನ್ನು ಶುರು ಮಾಡುವುದು ಹೇಗೆ, ಮನೆಯವರ ಹತ್ತಿರ ಈ ಮಾತು ಎತ್ತುವುದು ಹೇಗೆ, ಇಂಥದ್ದು ಏನೋ ಒಂದನ್ನು ತಲೆಯಲ್ಲಿ ಹೊತ್ತುಕೊಂಡು ಬಂದಿರುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ. ಪ್ರಶ್ನೆ ಕೇಳುತ್ತೇನೆ. ಉತ್ತರ ಅವರದ್ದು.

ಸುಲಭದ ಕೆಲಸ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಟ್ರೈನಿಂಗ್ ಮುಗಿದ ಹೊಸತು. ನನ್ನ ಮೂರನೆಯ ಕ್ಲೈಂಟ್. (ಕ್ಲೈಂಟ್ ಅನ್ನುವ ಪದ ನನಗೆ ಇವತ್ತಿಗೂ ಹಿಡಿಸುವುದಿಲ್ಲ, ವಕೀಲರ ಆಫೀಸಿನಲ್ಲಿ ಕೂತ ಹಾಗಿರುತ್ತದೆ, ಆದರೆ ಬೇರೆ ಪದ ಸಿಕ್ಕಿಲ್ಲ.) ಸೆಷನ್ ಶುರುವಾಗಿ ಹದಿನೈದು ನಿಮಿಷ ಆಗಿರಬೇಕು. ಅವರು ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಕೇಳಿದರು, ‘ಮೊನ್ನೆ ನನ್ನ ಜೊತೆ ಫೋನಿನಲ್ಲಿ ಮಾತಾಡಿದವರು ಎಲ್ಲಿ?’

ನನಗೆ ತಲೆಬುಡ ಗೊತ್ತಾಗಲಿಲ್ಲ. ‘ನಾನೇ ಮಾತಾಡಿದ್ದು’ ಎಂದೆ.

‘ಇಲ್ಲ, ಅವರು ಬೇರೆ. ಅವರು ನಗ್ತಿದ್ರು. ನನ್ನ ಮಾತು ಅರ್ಥ ಆಗದೇ ಇದ್ದಾಗ ಇನ್ನೊಂದು ಸಲ ಹೇಳಿ ಅಂತಿದ್ರು. ನೀವು ಯಾರೋ ದೊಡ್ಡವರ ಥರ ಮಾತಾಡ್ತಿದ್ದೀರ.’

ಅವರ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇನೆ, ಹೆಸರು ಬೇಡ. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಆವತ್ತು ನನ್ನ ಟ್ರೈನರ್ ಆಗಿಬಿಟ್ಟಿದ್ದೆ. ಅವರದ್ದೇ ತಗ್ಗಿದ ದನಿ, ಅವರದ್ದೇ ನಿಧಾನವಾಗಿ ತಲೆಯಾಡಿಸುವ ರೀತಿ, ಮಾತಿನ ಮಧ್ಯೆ ಅವರದ್ದೇ ಉದ್ದನೆಯ ‘ಹ್ಮ್’. ಅವರಿಗೆ ಅದು ಒಪ್ಪುತ್ತಿತ್ತು, ಯಾಕೆಂದರೆ ಅವರು ಇದ್ದದ್ದೇ ಹಾಗೆ. ನನ್ನ ಮೇಲೆ ಅದು ಎರವಲು ತಂದ ಕೋಟಿನ ಹಾಗೆ ಜೋತಾಡುತ್ತಿತ್ತು.

ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಇದರ ಬಗ್ಗೆ 1957ರಲ್ಲೇ ಬರೆದಿದ್ದಾರೆ. ಎದುರಿಗಿರುವವರು ಬದಲಾಗಲು ಏನೇನು ಬೇಕು ಎಂದು ಅವರು ಕೆಲವು ಷರತ್ತು ಪಟ್ಟಿ ಮಾಡಿದರು. ಅದರಲ್ಲಿ ಒಂದು, ನೆರವಿಗೆ ಕೂತವರು ಒಳಗೂ ಹೊರಗೂ ಒಂದೇ ಆಗಿರಬೇಕು ಅನ್ನುವುದು. ಕಾಂಗ್ರುಯೆನ್ಸ್ ಎಂದು ಅದಕ್ಕೆ ಹೆಸರು. ಅವರು ಬರೆದದ್ದು ಮನೋಚಿಕಿತ್ಸೆ ಮಾಡುವವರಿಗೆ, ನನ್ನಂಥವರಿಗಲ್ಲ. ಆದರೂ ಟ್ರೈನಿಂಗಿನಲ್ಲಿ ನಾವೆಲ್ಲ ಅದನ್ನು ಓದಿದ್ದೆವು, ಪರೀಕ್ಷೆಯಲ್ಲಿ ನಾನು ಚೆನ್ನಾಗಿಯೇ ಬರೆದಿದ್ದೆ. ಬರೆದು ಬಂದು ಇನ್ನೊಬ್ಬರ ದನಿಯಲ್ಲಿ ಮಾತಾಡುತ್ತಾ ಕೂತಿದ್ದೆ, ನೋಡಿ.

ಸರಿ, ಕೋಚ್ ಆಗುವ ಈ ಹುಚ್ಚು ನನಗೆ ಹತ್ತಿದ್ದು ಎಲ್ಲಿಂದ? ಸ್ವಲ್ಪ ಹಿಂದೆ ಹೋಗಬೇಕು. ಕೋಚ್ ಆಗುವ ಮೊದಲು ನಾನು ಲೆಕ್ಕಪತ್ರದ ಕೆಲಸದಲ್ಲಿದ್ದೆ. ಆಫೀಸಿನಲ್ಲಿ ಯಾರಿಗೆ ತಲೆಬಿಸಿ ಆದರೂ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು. ‘ನಿನ್ನ ಹತ್ತಿರ ಹೇಳಿಕೊಂಡ್ರೆ ಹಗುರ ಆಗುತ್ತೆ’ ಅನ್ನುತ್ತಿದ್ದರು. ಕೋಚ್ ಆಗಬೇಕು ಎಂದು ಹೊರಡುವವರನ್ನು ಕೇಳಿ ನೋಡಿ, ಬಹುಪಾಲು ಜನ ಇದೇ ಕಾರಣ ಕೊಡುತ್ತಾರೆ. ಜನ ನನ್ನ ಹತ್ತಿರ ಬಂದು ಹೇಳಿಕೊಳ್ಳುತ್ತಾರೆ, ಹಾಗಾಗಿ ನನಗೆ ಇದು ಒಲಿದು ಬಂದ ವಿದ್ಯೆ. ನಾನೂ ಅದನ್ನೇ ನಂಬಿದ್ದೆ.

ಆ ನಂಬಿಕೆ ಬಿದ್ದುಹೋದದ್ದು ರೆಕಾರ್ಡಿಂಗ್ ಕೇಳಿದಾಗ. ಕಲಿಯುವ ಕೋಚ್‌ಗಳು ಎದುರಿನವರ ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡುತ್ತಾರೆ, ಆಮೇಲೆ ತಾವೇ ಕೂತು ಕೇಳುತ್ತಾರೆ. ಹಿರಿಯ ಕೋಚ್ ಒಬ್ಬರಿಗೂ ಕೇಳಿಸುತ್ತಾರೆ. ನಿಮ್ಮ ದನಿಯನ್ನು ನೀವೇ ಕೇಳುವುದು ಹಿಂಸೆ. ನಾನು ಲೆಕ್ಕದ ಮನುಷ್ಯ ತಾನೇ, ಹಿಂಸೆ ತಡೆಯಲಾಗದೆ ಲೆಕ್ಕಕ್ಕೆ ಇಳಿದೆ. ಐವತ್ತು ನಿಮಿಷದ ಸೆಷನ್‌ನಲ್ಲಿ ಮೂವತ್ತೊಂದು ನಿಮಿಷ ನಾನೇ ಮಾತಾಡಿದ್ದೆ. ‘ಅರ್ಥ ಆಯ್ತು’ ಅನ್ನುವ ಮಾತು ಹದಿನಾಲ್ಕು ಸಲ ಬಂದಿತ್ತು.

ಈ ‘ಅರ್ಥ ಆಯ್ತು’ ಇದೆಯಲ್ಲ, ಇದನ್ನು ನೀವೂ ಒಂದು ದಿನ ಗಮನಿಸಿ. ನಾವು ಅದನ್ನು ಅರ್ಥ ಆದಾಗ ಹೇಳುವುದು ಕಡಿಮೆ. ಎದುರಿನವರು ಇನ್ನೂ ಅರ್ಧ ವಾಕ್ಯದಲ್ಲಿರುವಾಗ ಹೇಳುತ್ತೇವೆ. ಅಂದರೆ, ಸಾಕು, ಇನ್ನು ನನ್ನ ಸರದಿ ಅಂತ. ರೆಕಾರ್ಡಿಂಗ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು, ನಾನು ‘ಅರ್ಥ ಆಯ್ತು’ ಅಂದ ಪ್ರತಿ ಸಲವೂ ಅವರ ದನಿ ಸ್ವಲ್ಪ ಇಳಿಯುತ್ತಿತ್ತು.

ಇನ್ನೂ ಒಂದು ಇತ್ತು, ಅದನ್ನು ಹಿಡಿಯಲು ನಾಲ್ಕೈದು ರೆಕಾರ್ಡಿಂಗ್ ಬೇಕಾಯಿತು. ನಾನು ಎಲ್ಲ ಹೊತ್ತಿನಲ್ಲೂ ಜಾಸ್ತಿ ಮಾತಾಡುತ್ತಿರಲಿಲ್ಲ. ಎದುರಿನವರ ಗಂಟಲು ಕಟ್ಟಿದಾಗ ಮಾತ್ರ. ಅವರ ಮಾತು ತಡವರಿಸಿದ ಕೂಡಲೇ ನನ್ನಿಂದ ಸಲಹೆ ಧೋ ಎಂದು ಸುರಿಯುತ್ತಿತ್ತು. ಹೀಗೆ ಮಾಡಿ ನೋಡಿ, ಹಾಗೆ ಮಾಡಿ ನೋಡಿ, ನನಗೆ ಗೊತ್ತಿರುವವರೊಬ್ಬರು ಹೀಗೆ ಮಾಡಿದರು. ಯಾಕೆ ಎಂದು ಯೋಚಿಸುತ್ತಾ ಎಷ್ಟೋ ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ಸಿಕ್ಕಿದ್ದು ತೀರಾ ಸಣ್ಣ ವಿಷಯ. ನಾನು ಬೆಳೆದ ಮನೆಯಲ್ಲಿ ಯಾರಾದರೂ ಅತ್ತರೆ ಎಲ್ಲರಿಗೂ ಗಾಬರಿ. ಅಳು ಬೇಗ ನಿಲ್ಲಬೇಕು. ನಿಲ್ಲಿಸುವ ಕೆಲಸ ನನ್ನದಾಗಿತ್ತು. ಚಿಕ್ಕಂದಿನಲ್ಲೇ ಅದರಲ್ಲಿ ಪಳಗಿದ್ದೆ. ಯಾರ ಮುಖ ಬಾಡಿದರೂ ಏನಾದರೊಂದು ದಾರಿ ಹುಡುಕಿ ಕೊಟ್ಟು ಮುಗಿಸುತ್ತಿದ್ದೆ. ಆಫೀಸಿನಲ್ಲಿ ನನ್ನ ಮೇಜಿನ ಹತ್ತಿರ ನಡೆಯುತ್ತಿದ್ದದ್ದೂ ಅದೇ. ಅದು ಕೇಳಿಸಿಕೊಳ್ಳುವುದಲ್ಲ. ನನಗೆ ಇನ್ನೊಬ್ಬರ ಸಂಕಟ ನೋಡಲು ಭಯ, ಆ ಭಯಕ್ಕೆ ನಾನೇ ಹಾಕಿಕೊಳ್ಳುತ್ತಿದ್ದ ಮುಲಾಮು ಅದು.

ನಿಮ್ಮನ್ನು ನೀವು ಅರಿಯಿರಿ ಅಂದರೆ ಏನೋ ಬೆಟ್ಟದ ತುದಿಯಲ್ಲಿ ಕಣ್ಣು ಮುಚ್ಚಿ ಕೂರುವುದು ಎಂದು ನಾನು ತಿಳಿದಿದ್ದೆ. ನನಗೆ ಅದು ಆದದ್ದು ಇಯರ್‌ಫೋನ್ ಹಾಕಿಕೊಂಡು, ರೆಕಾರ್ಡಿಂಗ್ ನಿಲ್ಲಿಸಿ, ಹಿಂದೆ ಹೋಗಿ, ಅದೇ ಮೂರು ಸೆಕೆಂಡನ್ನು ಮತ್ತೆ ಮತ್ತೆ ಕೇಳುವಾಗ. 1955ರಲ್ಲಿ ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗ್ಹ್ಯಾಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಚಿತ್ರ ಕೊಟ್ಟರು. ತಮ್ಮ ಹೆಸರುಗಳನ್ನು ಸೇರಿಸಿ ಅದಕ್ಕೆ ಜೊಹಾರಿ ಕಿಟಕಿ ಎಂದು ಹೆಸರಿಟ್ಟರು. ನಾಲ್ಕು ಗಾಜಿನ ಕಿಟಕಿ. ಅದರಲ್ಲಿ ಒಂದು ಗಾಜು, ಬೇರೆಯವರಿಗೆ ಕಾಣುವುದು ಆದರೆ ನನಗೆ ಕಾಣದ್ದು. ಆ ಗಾಜಿನ ಮುಂದೆ ಒಬ್ಬರೇ ಎಷ್ಟು ಹೊತ್ತು ಕೂತರೂ ಪ್ರಯೋಜನವಿಲ್ಲ. ಆಚೆ ಕಡೆ ನಿಂತವರು ಹೇಳಬೇಕು. ನನಗೆ ಆ ಮೂರನೆಯ ಕ್ಲೈಂಟ್ ಹೇಳಿದರು.

ಇಲ್ಲಿ ಟಿಮೊಥಿ ಗಾಲ್ವೇ ಎಂಬ ಅಮೆರಿಕದ ಟೆನಿಸ್ ಕೋಚ್ ನೆನಪಾಗುತ್ತಾರೆ. ಇವತ್ತಿನ ಕೋಚಿಂಗ್‌ನ ಬೇರು ಹುಡುಕಿದರೆ 1974ರ ಅವರ ಪುಸ್ತಕಕ್ಕೆ ಹೋಗಿ ನಿಲ್ಲುತ್ತೇವೆ. ಮೊಣಕೈ ಹೀಗಿಡು, ಕಾಲು ಹಾಗಿಡು ಎಂದು ಹೇಳಿದಷ್ಟೂ ಕಲಿಯುವವರ ಮೈ ಬಿಗಿಯಾಗುವುದನ್ನು ಅವರು ಕಂಡರು. ಹಾಗಾಗಿ ತಿದ್ದುವುದನ್ನು ಬಿಟ್ಟು ಒಂದು ಸಣ್ಣ ಕೆಲಸ ಕೊಟ್ಟರು. ಚೆಂಡು ನೆಲಕ್ಕೆ ಬಡಿದಾಗ ‘ಬೌನ್ಸ್’ ಅನ್ನಿ, ರಾಕೆಟ್ಟಿಗೆ ತಾಗಿದಾಗ ‘ಹಿಟ್’ ಅನ್ನಿ, ಅಷ್ಟೇ. ಗಮನ ಚೆಂಡಿನ ಮೇಲೆ ಹೋಯಿತು, ತಲೆಯೊಳಗಿನ ಗೊಣಗಾಟ ಕಡಿಮೆಯಾಯಿತು, ಕೈ ತಾನೇ ಸರಿಯಾಗತೊಡಗಿತು. ಇದನ್ನು ಓದುವಾಗ ನಾನು ಆಟಗಾರರ ಬಗ್ಗೆ ಮಾತ್ರ ಯೋಚಿಸಿದ್ದೆ. ಕೋಚ್‌ನ ಕಡೆಯಿಂದ ನೋಡಿರಲಿಲ್ಲ. ಯೋಚಿಸಿ, ಕಣ್ಣೆದುರೇ ಒಬ್ಬರು ತಪ್ಪು ಹೊಡೆಯುತ್ತಿದ್ದಾರೆ, ನಿಮಗೆ ಸರಿ ಯಾವುದು ಎಂದು ಚೆನ್ನಾಗಿ ಗೊತ್ತಿದೆ, ಆದರೂ ಬಾಯಿ ಮುಚ್ಚಿಕೊಂಡು ಇರಬೇಕು. ಎಷ್ಟು ಕಷ್ಟ ಅಲ್ವಾ?

ತಿದ್ದಲೇಬೇಕು ಅನ್ನಿಸುವ ಈ ತುಡಿತಕ್ಕೂ ಒಂದು ಹೆಸರಿದೆ. ಬದಲಾಗುವ ಮನಸ್ಸನ್ನು ಎದುರಿನವರ ಬಾಯಿಂದಲೇ ಹೊರತರುವ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂಬ ಮಾತುಕತೆಯ ಪದ್ಧತಿಯನ್ನು ಬೆಳೆಸಿದ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್ನಿಕ್ ಇದನ್ನು ರೈಟಿಂಗ್ ರಿಫ್ಲೆಕ್ಸ್ ಎಂದು ಕರೆದರು. ಬರೆಯುವ ರೈಟಿಂಗ್ ಅಲ್ಲ, ಸರಿಮಾಡುವ ರೈಟಿಂಗ್. ನಾನು ಅದನ್ನು ತಿದ್ದುವ ಚಪಲ ಅನ್ನುತ್ತೇನೆ. ಅದರಿಂದ ಆಗುವ ತೊಂದರೆ ಹೀಗೆ. ಕೆಲಸ ಬಿಡಲೋ ಬೇಡವೋ ಎಂದು ಬಂದವರ ಮನಸ್ಸಿನಲ್ಲಿ ಎರಡೂ ಪಕ್ಷ ಇರುತ್ತವೆ. ನಾನು ‘ಬಿಟ್ಟುಬಿಡಿ’ ಅಂದೆ ಅಂದುಕೊಳ್ಳಿ. ಒಂದು ಪಕ್ಷ ನನ್ನದಾಯಿತು. ಆಗ ಅವರ ಪಾಲಿಗೆ ಉಳಿಯುವುದು ಇನ್ನೊಂದೇ. ‘ಅಲ್ಲ, ಹಾಗೆ ಬಿಡೋಕಾಗುತ್ತಾ’ ಎಂದು ಅವರು ಶುರು ಮಾಡುತ್ತಾರೆ. ಒಂದು ಗಂಟೆ ನನ್ನ ಜೊತೆ ವಾದ ಮಾಡಿ, ಬದಲಾಗಬಾರದು ಎಂದು ತಮ್ಮನ್ನು ತಾವೇ ಒಪ್ಪಿಸಿಕೊಂಡು ಮನೆಗೆ ಹೋಗುತ್ತಾರೆ. ನಾನು ಒಳ್ಳೆಯದನ್ನೇ ಹೇಳಿದೆನಲ್ಲ ಎಂದು ನಾನು ಕೈ ತೊಳೆದುಕೊಳ್ಳುತ್ತೇನೆ.

ಇನ್ನು ‘ನೀವು ನೀವಾಗಿರಿ’ ಅನ್ನುವ ಮಾತು. ಇದನ್ನು ಕೇಳಿದರೆ ನನಗೆ ಸ್ವಲ್ಪ ಕಿರಿಕಿರಿ, ಯಾಕೆಂದರೆ ಇದನ್ನು ಹೇಗೆ ಬೇಕಾದರೂ ತಿರುಚಬಹುದು. ನನ್ನ ಜೊತೆ ಕಲಿತವರೊಬ್ಬರು ಎಲ್ಲರ ಮಾತಿಗೂ ಅಡ್ಡ ಬಾಯಿ ಹಾಕುತ್ತಿದ್ದರು. ಕೇಳಿದರೆ ‘ನಾನು ಇರೋದೇ ಹೀಗೆ’ ಅನ್ನುತ್ತಿದ್ದರು. ಅಭ್ಯಾಸ ಬೇರೆ, ನಾವು ಬೇರೆ. ಸಲಹೆ ಸುರಿಸುವುದೂ ನನಗೆ ‘ನಾನು’ ಎಂದೇ ಅನ್ನಿಸುತ್ತಿತ್ತು, ಮೂವತ್ತು ವರ್ಷ ಅದನ್ನೇ ಮಾಡಿದ್ದೆನಲ್ಲ. ಇನ್ನೊಂದು ತಪ್ಪು ಇದರ ಉಲ್ಟಾ. ನಿಜವಾಗಿರಬೇಕು ಎಂದು ನಮ್ಮ ಕಥೆಯನ್ನೆಲ್ಲ ಎದುರಿನವರ ಮೇಲೆ ಸುರಿಯುವುದು. ಬಂದವರು ತಮ್ಮ ಮಾತು ಹೇಳಲು ಬಂದಿದ್ದಾರೆ, ನಮ್ಮದು ಕೇಳಲು ಅಲ್ಲ.

ಹಾಗಾದರೆ ನಾನು ನಾನಾಗಿರುವುದು ಅಂದರೆ ಏನು? ನನ್ನ ಮಟ್ಟಿಗೆ ತೀರಾ ಸಾಮಾನ್ಯ ಸಂಗತಿಗಳು. ನನಗೆ ಬೇಗ ಅರ್ಥ ಆಗುವುದಿಲ್ಲ. ಇನ್ನೊಂದು ಸಲ ಕೇಳಬೇಕಾಗುತ್ತದೆ. ತಮಾಷೆ ಹೊಳೆದು ನಾನು ನಗುವಷ್ಟರಲ್ಲಿ ತಡವಾಗಿರುತ್ತದೆ. ಇವೆಲ್ಲ ಕೋಚ್‌ಗೆ ಇರಬಾರದ ಕೊರತೆ ಎಂದು ಮುಚ್ಚಿಡುತ್ತಿದ್ದೆ. ಮುಚ್ಚಿಡುವುದಕ್ಕೇ ಗಮನವೆಲ್ಲ ಖರ್ಚಾಗುತ್ತಿತ್ತು, ಎದುರಿನವರಿಗೆ ಉಳಿಯುತ್ತಿದ್ದದ್ದು ಚೂರುಪಾರು. ಮುಚ್ಚಿಡುವುದನ್ನು ಬಿಟ್ಟ ಮೇಲೆ ಒಂದು ವಿಚಿತ್ರ ಕಂಡೆ. ‘ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ’ ಅಂದಾಗ ಎರಡನೆಯ ಸಲ ಅವರು ಅದನ್ನೇ ಹೇಳುವುದಿಲ್ಲ. ಬೇರೆ ಥರ ಹೇಳುತ್ತಾರೆ. ಎಷ್ಟೋ ಸಲ ಅಸಲು ವಿಷಯ ಹೊರಬರುವುದು ಆಗಲೇ.

ಕೋಚ್ ಆಗಲು ಹೊರಟವರು ಕೇಳುತ್ತಿದ್ದರೆ ಕೆಲವು ಮಾತು. ಬಹಳಷ್ಟು ದೇಶಗಳಲ್ಲಿ ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಲು ಯಾವ ಲೈಸೆನ್ಸೂ ಬೇಡ. ಅದೇ ಅಪಾಯ ಕೂಡ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಸಂಸ್ಥೆ ಸರ್ಟಿಫಿಕೇಟ್ ಕೊಡುತ್ತದೆ. ಅವರ ಮೊದಲ ಹಂತಕ್ಕೇ 60 ಗಂಟೆ ಕಲಿಕೆ, 100 ಗಂಟೆ ಕೋಚಿಂಗ್ ಅನುಭವ ಬೇಕು. ಕೊನೆಯ ಹಂತಕ್ಕೆ 2,500 ಗಂಟೆ. ಅಷ್ಟು ಗಂಟೆ ಕೂತರೆ ಇನ್ನೊಬ್ಬರ ದನಿಯಲ್ಲಿ ನಟಿಸಲು ಯಾರಿಗೂ ತ್ರಾಣ ಉಳಿಯುವುದಿಲ್ಲ ಎಂದು ನನ್ನ ಅನಿಸಿಕೆ. ಗುರಿ ಏನು, ಈಗ ಎಲ್ಲಿದ್ದೀರಿ, ದಾರಿಗಳು ಯಾವುವು, ಏನು ಮಾಡುತ್ತೀರಿ ಎಂಬ ನಾಲ್ಕು ಮೆಟ್ಟಿಲ ಗ್ರೋ ಮಾದರಿ ಕಲಿಸುತ್ತಾರೆ. ಒಳ್ಳೆಯದೇ, ಆದರೆ ಅದಕ್ಕೇ ಜೋತುಬೀಳಬೇಡಿ. ‘ಯಾಕೆ’ ಅನ್ನುವ ಪ್ರಶ್ನೆ ಆದಷ್ಟು ಕಡಿಮೆ ಮಾಡಿ. ‘ಯಾಕೆ ಮಾಡಲಿಲ್ಲ’ ಅಂದರೆ ಎಂಥವರೂ ತಡವಾಗಿ ಬಂದು ಬಾಗಿಲಲ್ಲಿ ನಿಂತ ಹುಡುಗರ ಹಾಗೆ ಸಬೂಬು ಹುಡುಕುತ್ತಾರೆ. ‘ಏನು ಅಡ್ಡ ಬಂತು’ ಅಂದು ನೋಡಿ. ಮತ್ತೆ, ಎದುರಿನವರಿಗೆ ತಿಂಗಳುಗಟ್ಟಲೆ ನಿದ್ದೆಯಿಲ್ಲ, ಬದುಕುವುದೇ ಬೇಡ ಅನ್ನುತ್ತಿದ್ದಾರೆ ಅಂದರೆ ಅದು ನಮ್ಮ ಕೆಲಸವಲ್ಲ. ಮಾನಸಿಕ ಆರೋಗ್ಯದ ತಜ್ಞರ ಹತ್ತಿರ ಕಳಿಸಬೇಕು, ತಡಮಾಡದೆ.

ಮೂರನೆಯ ಕ್ಲೈಂಟ್ ವಿಷಯ ಅರ್ಧಕ್ಕೇ ಬಿಟ್ಟೆ. ಅವರು ಹಾಗೆ ಕೇಳಿದ ಮೇಲೆಯೂ ಮತ್ತೆ ಬಂದರು. ಬರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಐದನೆಯ ಸೆಷನ್‌ನಲ್ಲಿ ಅವರ ಮಾತು ಇದ್ದಕ್ಕಿದ್ದ ಹಾಗೆ ನಿಂತಿತು, ಕಣ್ಣು ತುಂಬಿತು. ನನ್ನ ನಾಲಿಗೆ ತುದಿಗೆ ಆಗಲೇ ಎರಡು ಸಲಹೆ ಬಂದು ಕೂತಿದ್ದವು. ಕೈ ಕಟ್ಟಿಕೊಂಡು ಸುಮ್ನೆ ಕೂತೆ. ಎಷ್ಟು ಹೊತ್ತೋ. ಅವರೇ ಕೇಳಿದರು, ‘ನೀವು ಏನೂ ಹೇಳಲ್ವಾ?’

‘ಏನು ಹೇಳಬೇಕು ಅಂತ ನನಗೂ ತಿಳೀತಿಲ್ಲ’ ಎಂದೆ.

ಅವರು ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕರು. ‘ಅಂತೂ ಫೋನಿನವರು ಬಂದ್ರು’ ಅಂದರು. ಆಮೇಲೆ ಇಪ್ಪತ್ತು ನಿಮಿಷ ಅವರೇ ಮಾತಾಡಿದರು, ನಾಲ್ಕು ಸೆಷನ್‌ನಲ್ಲಿ ಒಮ್ಮೆಯೂ ಎತ್ತದ ವಿಷಯ.

ರಾತ್ರಿ ರೆಕಾರ್ಡಿಂಗ್ ಹಾಕಿ ಕೇಳಿದೆ. ಆ ಮೌನ ನನಗೆ ಅರ್ಧ ಗಂಟೆ ಅನ್ನಿಸಿತ್ತು, ಇದ್ದದ್ದು ನಲವತ್ತು ಸೆಕೆಂಡು. ನಾನು ಒಟ್ಟು ಮಾತಾಡಿದ್ದು ಒಂಬತ್ತು ನಿಮಿಷ. ‘ಅರ್ಥ ಆಯ್ತು’ ಇನ್ನೂ ಮೂರು ಸಲ ಇತ್ತು.

ನಮಸ್ಕಾರ.