ತಾರೋಫ್: ಬಾಗಿಲಲ್ಲಿ, ಟ್ಯಾಕ್ಸಿಯಲ್ಲಿ, ಊಟದ ಮೇಜಿನಲ್ಲಿ

ಕೇಳುಗರಿಗೆ ನಮಸ್ಕಾರ.

ತೆಹರಾನಿನಲ್ಲಿ ಟ್ಯಾಕ್ಸಿ ಇಳಿದು ಬಾಡಿಗೆ ಎಷ್ಟೆಂದು ಕೇಳಿದರೆ ಚಾಲಕ ಮೊದಲು ಹೇಳುವುದು 'ಘಾಬೆಲ್ ನದಾರೆ'. ನಿಮ್ಮ ಮುಂದೆ ಇದೆಲ್ಲ ಯಾವ ಲೆಕ್ಕ, ದುಡ್ಡಿನ ಮಾತು ಬಿಡಿ ಎಂದು ಅರ್ಥ. ಅದನ್ನು ನಂಬಿ ಕೈಮುಗಿದು ಹೊರಟರೆ ಅವನು ಹಿಂದಿನಿಂದ ಕೂಗಿ ಕರೆಯಬೇಕಾಗುತ್ತದೆ, ಇಬ್ಬರಿಗೂ ಮುಜುಗರ. 'ಇಲ್ಲ ಇಲ್ಲ, ದಯವಿಟ್ಟು ಹೇಳಿ' ಎನ್ನಬೇಕು. 'ನಮ್ಮ ಅತಿಥಿ ಅಂದುಕೊಳ್ಳಿ' ಎನ್ನುತ್ತಾನೆ. ಮತ್ತೆ ಒತ್ತಾಯಿಸಬೇಕು. ಸಾಮಾನ್ಯವಾಗಿ ಮೂರನೆಯ ಸಲಕ್ಕೆ ಮೊತ್ತ ಬಾಯಿಂದ ಹೊರಬೀಳುತ್ತದೆ. ಇರಾನಿನವರು ಇದನ್ನು ತಾರೋಫ್ ಎನ್ನುತ್ತಾರೆ.

ಪದದ ಮೂಲ ಅರಬ್ಬಿ, ಅರಿಯುವುದು ಎಂಬ ಧಾತು. ನಾವು ಹೊಗಳಿಕೆಗೆ ಬಳಸುವ 'ತಾರೀಫು' ಕೂಡ ಅದೇ ಬೇರಿನದು. ಉರ್ದುವಿನಲ್ಲಿ 'ತಾರುಫ್' ಎಂದರೆ ಬರೀ ಪರಿಚಯ. ಈ ಉಪಚಾರಕ್ಕೆ ಅಲ್ಲಿ 'ತಕಲ್ಲುಫ್' ಎಂಬ ಬೇರೆ ಮಾತಿದೆ.

ಬಾಗಿಲಲ್ಲಿ ಇಬ್ಬರು ಎದುರಾದರೆ 'ಬೆಫರ್ಮಾಯಿದ್', ದಯಮಾಡಿಸಿ, ಎಂದು ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ. ಯಾರೂ ಮುಂದಾಗದಿದ್ದರೆ ಬಲಗಡೆ ನಿಂತವರು ಮೊದಲು ಹೋಗಲಿ ಎಂದು ಹೇಳಿ ಗಂಟು ಬಿಡಿಸುವುದುಂಟು. ಯಾರಿಗಾದರೂ ಬೆನ್ನು ತಿರುಗಿಸಿ ಕೂತದ್ದಕ್ಕೆ ಕ್ಷಮೆ ಕೇಳಿದರೆ ಬರುವ ಉತ್ತರ ನನಗೆ ತುಂಬ ಇಷ್ಟ: 'ಹೂವಿಗೆ ಹಿಂದು ಮುಂದು ಇಲ್ಲ.'

ನಮ್ಮ 'ಬಾಯುಪಚಾರ'ವೂ ಇದೂ ಒಂದೇ ಎಂದುಕೊಳ್ಳುವುದು ಸುಲಭ. ಆದರೆ ಬರೀ ಬಾಯಿಮಾತಿನ ಆಹ್ವಾನಕ್ಕೆ ಇರಾನಿನವರೇ ಬೇರೆ ಹೆಸರಿಟ್ಟಿದ್ದಾರೆ: 'ಶಾ ಅಬ್ದುಲ್ ಅಜೀಮಿ ತಾರೋಫ್'. ತೆಹರಾನಿನ ದಕ್ಷಿಣಕ್ಕೆ ರೇ ಪಟ್ಟಣದಲ್ಲಿರುವ ದರ್ಗಾದ ಹೆಸರದು. ಯಾತ್ರಿಕರು ವಾಪಸು ಹೋಗುವ ರೈಲು ಹತ್ತುವ ಹೊತ್ತಿಗೆ ಅಲ್ಲಿನವರು 'ಉಳಿದುಕೊಳ್ಳಿ' ಎನ್ನುತ್ತಿದ್ದರಂತೆ.

ಹಾಗಾದರೆ ನಿಜವಾದ ಆಹ್ವಾನವನ್ನು ಗುರುತಿಸುವುದು ಹೇಗೆ? ವಿವರ ನೋಡಬೇಕು. 'ಒಮ್ಮೆ ಮನೆಗೆ ಬನ್ನಿ' ಎಂಬುದು ತಾರೋಫ್. 'ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಬನ್ನಿ, ಘೋರ್ಮೆ ಸಬ್ಜಿ ಮಾಡಿಸಿದ್ದೇನೆ' ಎಂದರೆ ಅದು ಊಟದ ಕರೆ. ದಿನ, ಗಂಟೆ, ಅಡುಗೆಯ ಹೆಸರು ಬಂದಷ್ಟೂ ಮಾತಿಗೆ ತೂಕ.

ಈ ಸೂಕ್ಷ್ಮವನ್ನು ಇರಾನಿನ ಕಥೆಗಾರ ಮೊಹಮ್ಮದ್ ಅಲಿ ಜಮಾಲ್‌ಜಾದೆ 'ಕಬಾಬ್-ಎ-ಘಾಜ್' (ಹೆಬ್ಬಾತಿನ ಕಬಾಬ್) ಎಂಬ ಕಥೆಯಲ್ಲಿ ಎಷ್ಟು ಚೆನ್ನಾಗಿ ಹಿಡಿದಿದ್ದಾರೆ! ಬಡ್ತಿ ಸಿಕ್ಕಿದ ಗುಮಾಸ್ತನೊಬ್ಬ ಹೊಸ ವರ್ಷದ ನೌರೂಜ್ ಹಬ್ಬಕ್ಕೆ ಸಹೋದ್ಯೋಗಿಗಳಿಗೆ ಹೆಬ್ಬಾತಿನ ಊಟ ಹಾಕಬೇಕು. ತಟ್ಟೆ ಲೋಟ ಎಲ್ಲರಿಗೂ ಸಾಲದ್ದರಿಂದ ಎರಡು ದಿನ, ಎರಡು ಪಂಕ್ತಿ. ಸಿಕ್ಕಿರುವುದು ಒಂದೇ ಹೆಬ್ಬಾತು. ಆದ್ದರಿಂದ ನೆಂಟ ಮುಸ್ತಫಾನಿಗೆ ಪಾಠ ಹೇಳಿಕೊಡುತ್ತಾನೆ: ಮೊದಲ ದಿನ ಹಕ್ಕಿ ಮೇಜಿಗೆ ಬಂದಾಗ 'ಹೊಟ್ಟೆ ತುಂಬಿದೆ, ಒಳಗೆ ತೆಗೆದುಕೊಂಡು ಹೋಗಿ' ಎಂದು ನೀನು ಹಟ ಹಿಡಿ, ಉಳಿದವರು ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. ಮುಸ್ತಫಾ ಹಾಗೇ ಮಾಡುತ್ತಾನೆ, ಅತಿಥಿಗಳು ಒಪ್ಪಿಬಿಡುತ್ತಾರೆ. ಕೆಲಸ ಕೆಡುವುದು ಅಲ್ಲಿಂದ ಮುಂದೆ. ಒತ್ತಾಯ ಮಾಡಿದಂತೆ ತೋರಬೇಕಲ್ಲ ಎಂದು ಆತಿಥೇಯ ಒಂದು ವಿವರ ಸೇರಿಸುತ್ತಾನೆ: ಹಕ್ಕಿಯ ಹೊಟ್ಟೆಯಲ್ಲಿ ಬರಘಾನಿನ ಆಲೂಬುಖಾರ ತುಂಬಿದೆ. ಆ ಹೆಸರು ಕಿವಿಗೆ ಬಿದ್ದದ್ದೇ ಮುಸ್ತಫಾನ ಕೈ ಮುಂದೆ ಚಾಚಿತು. ಇಷ್ಟು ಹೇಳಿದ ಮೇಲೂ ಆತಿಥೇಯರ ಮಾತು ತೆಗೆದುಹಾಕಬಾರದು, ಒಂದು ತುತ್ತು ರುಚಿ ನೋಡೋಣ ಎನ್ನುತ್ತಾನೆ. ಗಳಿಗೆಯಲ್ಲಿ ಉಳಿದದ್ದು ಮೂಳೆ. ಆಮೇಲೆ ಏಟು ತಿಂದವನು ಮುಸ್ತಫಾ. ಹಣ್ಣಿನ ಹೆಸರೆತ್ತಿದವನದೇ ತಪ್ಪು ಎಂಬ ಅವನ ವಾದವೇ ನನಗೆ ನ್ಯಾಯವಾಗಿ ಕಾಣುತ್ತದೆ. ಒಣ ಉಪಚಾರದೊಳಗೆ ಆ ಒಂದು ವಿವರ ಬಿದ್ದು ಅದನ್ನು ನಿಜವಾದ ಕರೆಯಾಗಿಸಿತು.

ಇದರ ತಿರುವುಮುರುವಾದ ತಪ್ಪು ಇನ್ನೂ ಕಠೋರ. ಇರಾನಿನ ನಿರ್ದೇಶಕ ಅಸ್ಘರ್ ಫರ್ಹಾದಿಯವರ 2009ರ 'ಎಲ್ಲಿಯ ಕುರಿತು' ಚಿತ್ರದಲ್ಲಿ ಗೆಳೆಯರ ಗುಂಪೊಂದು ಕ್ಯಾಸ್ಪಿಯನ್ ಕಡಲತೀರಕ್ಕೆ ಬಂದಿದೆ. ಒಂದೇ ರಾತ್ರಿಗೆಂದು ಬಂದ, 'ಎಲ್ಲಿ' ಎಂಬ ಹೆಸರಿನ ಶಿಕ್ಷಕಿ ಮರುದಿನ ಹೊರಡುತ್ತೇನೆ ಎನ್ನುತ್ತಾಳೆ. ಕರೆತಂದ ಸೆಪಿದೆ ಬಿಡುವುದಿಲ್ಲ, ಅವಳ ಚೀಲವನ್ನೇ ಬಚ್ಚಿಡುತ್ತಾಳೆ. 'ಇಲ್ಲ, ಉಳಿಯಲೇಬೇಕು' ಎನ್ನುವುದು ಆತಿಥ್ಯದ ಮಾತೇ. ಆದರೆ ಎಲ್ಲಿಯ ಬಾಯಲ್ಲಿ ಬಂದ 'ಇಲ್ಲ' ಮೂರು ಸಲ ಒತ್ತಾಯಿಸಿದರೆ ಕರಗುವ 'ಇಲ್ಲ' ಆಗಿರಲಿಲ್ಲ.

ಇರಾನಿಯೊಬ್ಬರ ಮನೆಯಲ್ಲಿ ನಿಜಕ್ಕೂ ಬೇಡವಾದಾಗಲೂ ಈ ವಿವರವೇ ಕೈ ಹಿಡಿಯುತ್ತದೆ. 'ತಾರೋಫ್ ನೆಮಿಕೊನಮ್', ನಾನು ಉಪಚಾರಕ್ಕೆ ಹೇಳುತ್ತಿಲ್ಲ ಎಂಬ ಮಾತಿದೆ. ಅದನ್ನೂ ಉಪಚಾರಕ್ಕೇ ಹೇಳುವವರಿರುವುದರಿಂದ ಅದೊಂದೇ ಸಾಲದು. ಕೈಯನ್ನು ಎದೆಯ ಮೇಲಿಟ್ಟು ಕಾರಣವನ್ನು ಬಿಡಿಸಿ ಹೇಳಿ: ವೈದ್ಯರು ಸಿಹಿ ಬೇಡ ಎಂದಿದ್ದಾರೆ, ಆರು ಗಂಟೆಗೆ ಬಸ್ಸಿದೆ. ಮನೆಯೊಡತಿ ತಟ್ಟೆ ಹಿಂದಕ್ಕೆ ಸರಿಸುತ್ತಾರೆ, ಚಹಾ ಮಾತ್ರ ಇನ್ನೊಂದು ಲೋಟ ಬರುತ್ತದೆ.