ಹಿಂದೆ ತಿರುಗಿಸಿ ತಾರೀಕು ನೋಡಿ

ಕೇಳುಗರಿಗೆ ನಮಸ್ಕಾರ. ಕೂತಲ್ಲಿಂದಲೇ ಒಮ್ಮೆ ತಲೆಯೆತ್ತಿ ಛಾವಣಿ ನೋಡಿ. ಅಂಗೈಯಗಲದ ಬಿಳಿ ಡಬ್ಬಿಯೊಂದು ಕಾಣುತ್ತಿದೆಯೇ? ಅದು ಸ್ಮೋಕ್ ಅಲಾರಂ, ಹೊಗೆ ಬಂದರೆ ಕೂಗಿ ಎಚ್ಚರಿಸುವಂಥದ್ದು. ಇದ್ದರೆ ನಾಳೆ ಬೆಳಿಗ್ಗೆ ಸ್ಟೂಲು ಹಾಕಿ, ಒಬ್ಬರು ಸ್ಟೂಲು ಹಿಡಿದುಕೊಳ್ಳಲಿ, ಡಬ್ಬಿಯನ್ನು ಎಡಕ್ಕೆ ತಿರುವಿ ಕೆಳಗಿಳಿಸಿ. ಹಿಂದೆ ತಿರುಗಿಸಿ ತಾರೀಕು ನೋಡಿ. ತಯಾರಾಗಿ 10 ವರ್ಷ ತುಂಬಿದ್ದರೆ ಅದನ್ನು ಮತ್ತೆ ಮೇಲೆ ಹಾಕಬೇಡಿ, ಹೊಸದು ತನ್ನಿ. ನಾನು ಹೇಳಲು ಬಂದಿರುವುದು ಇಷ್ಟೇ. ಇದನ್ನೇ ಮತ್ತೆಯೂ ಹೇಳುತ್ತೇನೆ, ಬೇಸರಪಡಬೇಡಿ.

ಮನೆಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಇಂಥ ಅಲಾರಂ ಕೂರಿಸುವುದು ನನ್ನ ಕೆಲಸ. ಹೋದಲ್ಲೆಲ್ಲ ಒಂದೇ ಮಾತು ಕೇಳುತ್ತೇನೆ: "ನಮ್ದು ಚೆನ್ನಾಗಿದೆ ಸಾರ್, ಬಟನ್ ಒತ್ತಿದ್ರೆ ಕಿರುಚ್ಕೊಳ್ಳುತ್ತೆ." ನನ್ನ ಅಕ್ಕನೂ ಇದನ್ನೇ ಹೇಳುತ್ತಿದ್ದಳು.

ಅಕ್ಕನ ಮನೆ ಮೈಸೂರಿನಲ್ಲಿ. ಮಗ ಅಮೆರಿಕದಿಂದ ರಜೆಗೆ ಬಂದಾಗ ಒಂದು ಅಲಾರಂ ತಂದು ನಡುಮನೆಯ ಛಾವಣಿಗೆ ಹಾಕಿ ಹೋದ. ಕೆಲವು ವರ್ಷ ಕಳೆದ ಮೇಲೆ ಅದು ನಿಮಿಷಕ್ಕೊಂದು ಸಲ 'ಕಿಚ್' ಅನ್ನತೊಡಗಿತು. ಸೆಲ್ ಮುಗಿದಿದೆ ಅಂತ ಅದರ ಅರ್ಥ. ಅಕ್ಕ ಹಲ್ಲಿ ಲೊಚಗುಟ್ಟುತ್ತಿದೆ ಅಂದುಕೊಂಡು ಪಂಚಾಂಗದಲ್ಲಿ ಶಕುನ ನೋಡಿದಳು! ಕೊನೆಗೆ ಭಾವ ಸೆಲ್ ಬದಲಾಯಿಸಿದರು. ಅಲ್ಲಿಂದ ತಪ್ಪದೆ ಪ್ರತಿ ಹಬ್ಬಕ್ಕೆ ಬಟನ್ ಒತ್ತಿ ನೋಡುವರು. ಕೂಗುತ್ತಿತ್ತು. ನೆಮ್ಮದಿಯಾಗಿದ್ದರು.

2024ರ ಕಾರ್ತಿಕ ಮಾಸ. ದೇವರ ಮನೆಯಲ್ಲಿ ರಾತ್ರಿಯೆಲ್ಲ ದೀಪ. ಉರಿಯುವ ಬತ್ತಿಯನ್ನು ಇಲಿ ಎಳೆದುಕೊಂಡು ಹೋಯಿತು. ಎಣ್ಣೆ ನೆನೆದ ಬತ್ತಿ ಇಲಿಗೆ ಇಷ್ಟ, ನಿಮ್ಮ ಮನೆಯಲ್ಲೂ ಆಗಿರಬಹುದು. ಪಕ್ಕದ ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಹತ್ತಿಯ ಹಾಸಿಗೆ. ಹತ್ತಿ ಭಗ್ಗೆಂದು ಹೊತ್ತಿಕೊಳ್ಳಲಿಲ್ಲ, ಒಳಗೊಳಗೇ ಗಂಟೆಗಟ್ಟಲೆ ಕನಲುತ್ತಾ ಹೊಗೆಯಾಡಿತು. ಭಾವನಿಗೆ ಸಕ್ಕರೆ ಕಾಯಿಲೆ, ರಾತ್ರಿ ಏಳಲೇಬೇಕು. 3 ಗಂಟೆಗೆ ಎದ್ದು ಕೋಣೆಯ ಬಾಗಿಲು ತೆಗೆದರೆ ನಡುಮನೆಯ ದೀಪದ ಸ್ವಿಚ್ಚೇ ಕಾಣಿಸದಷ್ಟು ಹೊಗೆ. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಹಾಸಿಗೆಯನ್ನು ಅಂಗಳಕ್ಕೆ ಎಳೆದು ನೀರು ಸುರಿದರು. ಹಾಗೆ ಮಾಡಬಾರದು, ಅಕ್ಕನನ್ನು ಕರೆದುಕೊಂಡು ಹೊರಗೆ ಓಡಬೇಕಿತ್ತು. ಇಷ್ಟಾದರೂ ನೆತ್ತಿಯ ಮೇಲಿದ್ದ ಅಲಾರಂ ತುಟಿಪಿಟಿಕ್ ಎನ್ನಲಿಲ್ಲ.

ಬೆಳಿಗ್ಗೆ ಮೊದಲ ರೈಲಿಗೆ ಹೋದೆ. ಅಲಾರಂ ಇಳಿಸಿದೆ. ಬಿಳಿ ಬಣ್ಣ ಹಳೇ ಪುಸ್ತಕದ ಹಾಳೆಯ ಹಾಗೆ ಹಳದಿಗಟ್ಟಿತ್ತು. ಮಗಳ ಮದುವೆಗೆ ಪೇಂಟ್ ಹೊಡೆದವರು ಅದರ ಮೇಲೂ ಬ್ರಶ್ ಎಳೆದಿದ್ದರು, ಹೊಗೆ ಒಳಹೋಗುವ ಸಂದಿಗಳು ಅರ್ಧ ಮೆತ್ತಿಕೊಂಡಿದ್ದವು. ಬಿಚ್ಚಿದರೆ ಧೂಳು, ಜೇಡರಬಲೆ, ಹತ್ತಿಯುಂಡೆಯಂಥ ಜೇಡನ ಮೊಟ್ಟೆಗೂಡು. ಹಿಂದೆ ತಿರುಗಿಸಿ ತಾರೀಕು ನೋಡಿದೆ: 2008. "ಮೊನ್ನೆ ದೀಪಾವಳಿಗೆ ಒತ್ತಿದಾಗ ಕೂಗ್ತಲ್ಲೋ" ಅಂದಳು ಅಕ್ಕ. ಮತ್ತೆ ಮುಚ್ಚಿ ಬಟನ್ ಒತ್ತಿದೆ. ಕೂಗಿತು. ನಾಲ್ಕು ಊದುಬತ್ತಿ ಒಟ್ಟಿಗೆ ಹಚ್ಚಿ ಸಂದಿಗೆ ಹಿಡಿದೆ. ಬೂದಿ ನನ್ನ ಮಣಿಕಟ್ಟಿನ ಮೇಲೆ ಉದುರಿತು. ಅದು ಸುಮ್ಮನೇ ಇತ್ತು.

ಯಾಕೆ ಅಂದರೆ, ಒಳಗೊಂದು ಕತ್ತಲೆ ಗೂಡು ಇರುತ್ತದೆ. ಅದರಲ್ಲಿ ಒಂದು ಪುಟ್ಟ ದೀಪ, ಆ ಬೆಳಕು ನೇರವಾಗಿ ಬೀಳದ ಜಾಗದಲ್ಲಿ ಒಂದು ಕಣ್ಣು. ಹೊಗೆ ಹೊಕ್ಕಾಗ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ, ಆಗ ಕೂಗುತ್ತದೆ. ಬಟನ್ ಒತ್ತಿದರೆ ಸೆಲ್ ಮತ್ತು ಗಂಟಲು ಸರಿಯಿದೆ ಎಂದು ಗೊತ್ತಾಗುತ್ತದೆ. ಹೊಗೆ ಒಳಗೆ ಹೋಗುತ್ತದೆಯೇ ಎಂಬುದು ಗೊತ್ತಾಗುವುದಿಲ್ಲ. ಬಟನ್ ತಿಂಗಳಿಗೊಮ್ಮೆ ಒತ್ತಿ, ಬೇಡ ಅನ್ನುವುದಿಲ್ಲ. ಆದರೆ ಹಳತಾದಷ್ಟೂ ಅಕ್ಕನ ಮನೆಯದರ ಹಾಗೆ ಒಳಗೆ ಧೂಳು ಕಟ್ಟಿಕೊಂಡಿರಬಹುದು, ಅದಕ್ಕೇ ತಾರೀಕು ನೋಡಿ.

"ವಾಸನೆ ಬಂದ್ರೆ ಎಚ್ಚರ ಆಗಲ್ವಾ?" ಅಂತ ಕೇಳುತ್ತಾರೆ. ಆಗುವುದಿಲ್ಲ ಸ್ವಾಮಿ! ನಿದ್ದೆಯಲ್ಲಿರುವವರನ್ನು ಶಬ್ದ ಎಬ್ಬಿಸುತ್ತದೆ, ವಾಸನೆಯನ್ನು ನಂಬಿ ಮಲಗುವ ಹಾಗಿಲ್ಲ. ಜನ ಬೆಂಕಿಗೆ ಹೆದರುತ್ತಾರೆ, ಮೊದಲು ಕೊಲ್ಲುವುದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ಪ್ರಾಣ ಕಳೆದುಕೊಂಡರು. ಅವತ್ತು ಕಟ್ಟಡದ ತುಂಬ ಹೊಗೆ, ಅದನ್ನು ತಾಳಲಾರದೆ ಕಿಟಕಿಯಿಂದ ಹಾರಿದವರಿದ್ದರು.

ಕೊಳ್ಳುವ ವಿಷಯ ಬೇಗ ಹೇಳಿಬಿಡುತ್ತೇನೆ, ಸಮಯ ಆಗುತ್ತಿದೆ. ಅಂಗಡಿಯಲ್ಲಿ 'ಫೋಟೋಎಲೆಕ್ಟ್ರಿಕ್' ಅಂತ ಕೇಳಿ, ಆಗಲೇ ಹೇಳಿದ ಪುಟ್ಟ ದೀಪ, ಕಣ್ಣು ಇರುವಂಥದ್ದು. ಹಾಸಿಗೆ, ಸೋಫಾ ಕನಲುವ ಹೊಗೆಯನ್ನು ಅದು ಬೇಗ ಹಿಡಿಯುತ್ತದೆ, ಒಗ್ಗರಣೆಗೆ ಸುಮ್ಮಸುಮ್ಮನೆ ಕೂಗುವುದೂ ಕಡಿಮೆ. ತಾನೇ ಕೂಗುವಂಥದ್ದಾ ಎಂದು ಖಾತ್ರಿ ಮಾಡಿಕೊಳ್ಳಿ. ದೊಡ್ಡ ಕಟ್ಟಡಗಳಲ್ಲಿ ಪ್ಯಾನೆಲ್ ಎಂಬ ಮುಖ್ಯ ಪೆಟ್ಟಿಗೆಗೆ ಜೋಡಿಸುವ ಡಿಟೆಕ್ಟರ್ ನೋಡಲು ಹಾಗೇ ಇರುತ್ತದೆ, ಒಂದನ್ನೇ ತಂದು ಮನೆಗೆ ಹಾಕಿದರೆ ಯಾವ ಉಪಯೋಗವೂ ಇಲ್ಲ. 10 ವರ್ಷದ ಸೀಲ್ ಮಾಡಿದ ಬ್ಯಾಟರಿಯದು ಸಿಕ್ಕರೆ ಇನ್ನೂ ಒಳ್ಳೆಯದು. ಮಲಗುವ ಕೋಣೆಗಳ ಹೊರಗೆ, ಛಾವಣಿಯ ನಡುವೆ ಹಾಕಿ, ಫ್ಯಾನಿನಿಂದ ದೂರ. ಅಡುಗೆಮನೆಯೊಳಗೆ ಬೇಡ. ಅಲ್ಲಿಗೆ ಗ್ಯಾಸ್ ಸೋರಿಕೆಯ ಅಲಾರಂ ಬೇರೆಯೇ ಇದೆ, ಅದನ್ನು ನೆಲದ ಹತ್ತಿರ ಹಾಕಬೇಕು, ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ. ಪೇಂಟ್ ಮಾಡಿಸುವಾಗ ಅಲಾರಂ ಇಳಿಸಿಡಿ, ಆಮೇಲೆ ಮರೆಯದೆ ಹಾಕಿ. ಅದು ಕೂಗಿದರೆ ಹೊರಗೆ ಬನ್ನಿ, ಬಂದ ಮೇಲೆ 112ಕ್ಕೆ ಫೋನ್ ಮಾಡಿ.

ಅಕ್ಕನ ಮನೆಯಲ್ಲಿ ಈಗ ಎರಡು ಹೊಸ ಅಲಾರಂ ಇವೆ. ಹಿಂದಿನ ತಾರೀಕು ಯಾರೂ ನೋಡುವುದಿಲ್ಲವೆಂದು, ಇಳಿಸಬೇಕಾದ ವರ್ಷವನ್ನು ಕೆಳಗಿನಿಂದಲೇ ಓದಲು ಬರುವ ಹಾಗೆ ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದೇನೆ: 2034. ನಡುಮನೆಯ ಅಂದ ಕೆಟ್ಟಿತು ಅಂತ ಅಕ್ಕ ಇವತ್ತಿಗೂ ಬಯ್ಯುತ್ತಾಳೆ. ಬಯ್ಯಲಿ. ನಮಸ್ಕಾರ.